ಅಚ್ಚಾದ ಪ್ರಸಂಗ, ಆಡಿದ ಪ್ರಸಂಗ

ಹೋದ ತಿಂಗಳು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಮೊದಲು ಹೇಳಿಬಿಡ್ತೀನಿ, ಇತಿಹಾಸ ಆಮೇಲೆ.

ಓಕಳಿಪುರಂನಲ್ಲಿ ನಮ್ಮದು ಹಳೇ ಬಾಡಿಗೆ ಮನೆ. ಪುತ್ತೂರು ಕಡೆಯ ನನ್ನ ದೊಡ್ಡಮಾವ ಬೆಂಗಳೂರಿಗೆ ಬಂದಾಗಿನಿಂದ ನಮ್ಮ ಜೊತೆಗೇ ಇದ್ದಾರೆ. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳ್ತಿದ್ದವರು. ಅವರ ಟ್ರಂಕಿನಲ್ಲಿ ಅರವತ್ತೆರಡು ಯಕ್ಷಗಾನ ಪ್ರಸಂಗ ಪುಸ್ತಕಗಳಿದ್ದವು. ಮನೆ ಖಾಲಿ ಮಾಡಬೇಕಾಗಿ ಬಂತು, ಹೊಸ ಮನೆ ಚಿಕ್ಕದು. "ನೀನೇ ನೋಡಿ ಆರಿಸು ಮಾರಾಯ, ನನಗೆ ಅಕ್ಷರ ಕಾಣುದಿಲ್ಲ" ಅಂದ್ರು. ನಾನು ಆರಿಸಿದೆ. ಭಾಷೆ ಚೆನ್ನಾಗಿರೋದು, ಮುದ್ರಣ ಸ್ವಚ್ಛವಾಗಿರೋದು, ಮುನ್ನುಡಿ ಇರೋದು... ಹೀಗೆ ಇಪ್ಪತ್ತೆಂಟು ಇಟ್ಟುಕೊಂಡೆ. ರಟ್ಟು ಹೋದವು, ಎಣ್ಣೆ ಕಲೆಯವು, ಪೆನ್ಸಿಲ್‌ನಲ್ಲಿ ಗೀಚಿದವು ಮೂವತ್ನಾಲ್ಕು. ಎರಡು ಕಟ್ಟು ಮಾಡಿ ರದ್ದಿಗೆ ಹಾಕಿದೆ.

ಸಂಜೆ ಮಾವ ಉಳಿದ ಪುಸ್ತಕಗಳನ್ನು ಒಂದೊಂದೇ ಮುಟ್ಟಿ ನೋಡಿದ್ರು. "ಇದೆಲ್ಲ ಓದುವ ಪುಸ್ತಕ. ಆಡಿದ್ದು ಎಲ್ಲಿ ಉಂಟು?" ಅಂದ್ರು.

ರದ್ದಿ ಅಂಗಡಿಗೆ ಓಡಿದೆ. ಒಂದು ಕಟ್ಟು ಸಿಕ್ತು. ಇನ್ನೊಂದು ಲಾರಿಗೆ ಹೋಗಿಯಾಗಿತ್ತು.

ಸರಿ, ನಾನು ಎಲ್ಲಿ ಎಡವಿದೆ ಅಂತ ಯೋಚಿಸ್ತಾ ಹೋದ್ರೆ ಅದು ನಾನೂರು ವರ್ಷದ ಹಿಂದಕ್ಕೆ ಹೋಗುತ್ತೆ. ಪ್ರಸಂಗ ಅಂದ್ರೆ ನಾಟಕ ಅಲ್ಲ. ಅದರಲ್ಲಿ ಹಾಡುಗಳು ಮಾತ್ರ ಇರ್ತವೆ, ಒಂದೊಂದರ ತಲೆಯ ಮೇಲೆ ರಾಗ ತಾಳದ ಹೆಸರು, ನಡುನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ. ಮಾತು ಒಂದೂ ಇರಲ್ಲ. ಭಾಗವತರು ಪದ್ಯ ಹಾಡ್ತಾರೆ, ಅದರ ಮೇಲೆ ಅರ್ಥಧಾರಿ ಆ ಕ್ಷಣಕ್ಕೆ ತೋಚಿದ ಮಾತು ಹೆಣೀತಾನೆ. ವೇಷ ಇಲ್ಲ, ಕುಣಿತ ಇಲ್ಲ, ಎದುರು ಕೂತವನು ಏನು ಹೇಳ್ತಾನೆ ಅಂತ ಮೊದಲೇ ಗೊತ್ತಿಲ್ಲ. ಬಳ್ಳಾರಿ ಕಡೆಯ ಕುರುಗೋಡಿನ 1556ರ ಶಾಸನದಲ್ಲೇ ತಾಳಮದ್ದಳೆಯವರಿಗೆ ಭೂಮಿ ಕೊಟ್ಟ ಮಾತು ಬರುತ್ತೆ. ಅಜಪುರದ ವಿಷ್ಣುವಿನ ವಿರಾಟಪರ್ವದ ತಾಳೆಗರಿ ಪ್ರತಿ 1564ರದ್ದು. ಅಜಪುರ ಅಂದ್ರೆ ಇವತ್ತಿನ ಬ್ರಹ್ಮಾವರ.

ನನ್ನ ಆಫೀಸಿನ ಗೆಳೆಯರ ಜೊತೆ ಶುಕ್ರವಾರ ರಾತ್ರಿ ನಾನು ಆಡೋದು ಡಂಜನ್ಸ್ ಅಂಡ್ ಡ್ರಾಗನ್ಸ್. ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುವ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಚ್ಚು ಹಾಕಿಸಿದ್ದು. ಅದಕ್ಕೂ ಸಾಹಸದ ಪುಸ್ತಕಗಳು ಬರ್ತವೆ. ಅವುಗಳಲ್ಲೂ ಜಾಗ, ಪಾತ್ರ, ಸಂಕಟ ಮಾತ್ರ ಬರೆದಿರುತ್ತೆ, ಮಾತು ಆಡುವವರದ್ದೇ. ಒಂದ್ಸಲ ಬಹಳ ಹೊಗಳಿಕೆ ಇದ್ದ ಪುಸ್ತಕ ತಂದೆ. ಕಾದಂಬರಿ ಥರ ಓದಿಸಿಕೊಂಡು ಹೋಯ್ತು. ಆಡೋಕೆ ಕೂತ್ರೆ ಒಂದು ಗಂಟೆಗೆ ಎಲ್ಲರೂ ಮೊಬೈಲ್ ನೋಡ್ತಿದ್ರು. ಎಲ್ಲವನ್ನೂ ಬರೆದವನೇ ಮಾಡಿ ಮುಗಿಸಿಬಿಟ್ಟಿದ್ದ, ನಮಗೇನೂ ಕೆಲಸ ಉಳಿದಿರಲಿಲ್ಲ.

ಇಷ್ಟು ಗೊತ್ತಿದ್ದೂ ಮಾವನ ಟ್ರಂಕಿನ ಮುಂದೆ ಕೂತಾಗ ನಾನು ಕಾವ್ಯವಿಮರ್ಶಕನಾಗಿಬಿಟ್ಟೆ ನೋಡಿ!

ಹಾಗಾಗಿದ್ದು ನಾನೊಬ್ಬನೇ ಅಲ್ಲ ಅನ್ಸುತ್ತೆ. ಪ್ರಸಂಗಗಳು ಮೊದಲು ತಾಳೆಗರಿಯಲ್ಲಿದ್ದವು. ಒಬ್ಬ ಭಾಗವತ ಕುಳಿತು ಒಂದು ಪ್ರಸಂಗ ನಕಲು ಮಾಡಬೇಕಾದರೆ ಅದು ಆಡಿ ಗೆದ್ದಿರಬೇಕು. ಬೇಡದ್ದನ್ನು ಯಾರು ಗರಿಯ ಮೇಲೆ ಕೊರೀತಾರೆ? ಅಂದ್ರೆ ನಕಲು ಮಾಡೋದೇ ಒಂದು ತೀರ್ಪು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಶುರುವಾಯ್ತು. ಹರ್ಮನ್ ಮೋಗ್ಲಿಂಗ್ ಹೊರತಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳ ಜೊತೆ ರಾವಣ ದಿಗ್ವಿಜಯ ಅನ್ನೋ ಯಕ್ಷಗಾನವೂ ಬಂತು. ಆಮೇಲೆ ಉಡುಪಿಯ ಪಾವಂಜೆ ಗುರುರಾವ್ ಅವರಂಥ ಪ್ರಕಾಶಕರು ಸಣ್ಣ ಸಣ್ಣ ಪ್ರಸಂಗ ಪುಸ್ತಕ ಹಾಕಿ ಊರೂರಿಗೆ ಮುಟ್ಟಿಸಿದರು. ದೊಡ್ಡ ಉಪಕಾರ. ಆದ್ರೆ ಅಚ್ಚಿನಲ್ಲಿ ಗೆದ್ದದ್ದೂ ಸೋತದ್ದೂ ಒಂದೇ ಥರ ಕಾಣುತ್ತೆ.

ವಿದ್ವಾಂಸರ ಚರ್ಚೆ ಬೇರೆ ಕಡೆ ಹೋಯ್ತು. ಕುಂಬಳೆಯ ಪಾರ್ತಿಸುಬ್ಬನ ಬಗ್ಗೆ ಮುಳಿಯ ತಿಮ್ಮಪ್ಪಯ್ಯನವರು ಪುಸ್ತಕವನ್ನೇ ಬರೆದರು. ಆ ರಾಮಾಯಣ ಪ್ರಸಂಗಗಳು ಅವನವೇ ಹೌದಾ ಅಂತ ಶಿವರಾಮ ಕಾರಂತರು ಪ್ರಶ್ನೆ ಎತ್ತಿದರು. ಕುಕ್ಕಿಲ ಕೃಷ್ಣ ಭಟ್ಟರು ಅವನ ಪರ ವಾದ ಹೂಡಿದರು. ಬರೆದವನು ಯಾರು, ಯಾವ ಕಾಲದವನು, ಪದ್ಯ ಎಷ್ಟು ಚೆಂದ... ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದ್ರೆ ರಾತ್ರಿ ಒಂಬತ್ತಕ್ಕೆ ಕೂಟಕ್ಕೆ ಕೂರುವವನ ಪ್ರಶ್ನೆ ಬೇರೆ. ಇದರಲ್ಲಿ ನನಗೆ ಮಾತಾಡಲಿಕ್ಕೆ ಏನುಂಟು?

ಸಿಕ್ಕಿದ ಕಟ್ಟನ್ನು ಬಿಚ್ಚಿಟ್ಟುಕೊಂಡು ಮಾವನನ್ನೇ ಕೇಳಿದೆ, ಒಳ್ಳೇ ಪ್ರಸಂಗ ಅಂದ್ರೆ ಯಾವುದು ಅಂತ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೀತೀನಿ.

ಮೊದಲನೆಯದು, ಎರಡೂ ಕಡೆಗೆ ನ್ಯಾಯ ಇರಬೇಕು. ವಾಲಿ ವಧೆಯನ್ನೇ ತಗೊಳ್ಳಿ. ಬಾಣ ಬಿದ್ದ ಮೇಲೆ ವಾಲಿ ರಾಮನನ್ನು ಕೇಳ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದ್ಯಾವ ಧರ್ಮ ಅಂತ. ಉತ್ತರ ಸುಲಭ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಜನ ಇವತ್ತಿಗೂ ನೆನೆಸಿಕೊಳ್ಳೋದು ಸುಮ್ಮನೆ ಅಲ್ಲ. ದೇವಿದಾಸನ ಕೃಷ್ಣ ಸಂಧಾನದಲ್ಲಿ ಕೌರವನಿಗೂ ಹೇಳೋದಕ್ಕೆ ಬೇಕಾದಷ್ಟಿದೆ. ಖಳ ಬರೀ ಖಳನಾದ್ರೆ ಎದುರು ಕೂತವನು ಅರ್ಧ ಗಂಟೆಯಲ್ಲಿ ಖಾಲಿ.

ಎರಡನೆಯದು, ಪದ್ಯ ಬಾಗಿಲು ತೆರೆದು ಸುಮ್ಮನಾಗಬೇಕು. ಎಲ್ಲ ಉಪಮೆ, ಎಲ್ಲ ತತ್ತ್ವ ಪದ್ಯದಲ್ಲೇ ಮುಗಿದುಹೋದ್ರೆ ಅರ್ಥಧಾರಿ ಅದನ್ನೇ ಗದ್ಯ ಮಾಡಬೇಕಷ್ಟೆ. "ತುಂಬ ಚೆಂದದ ಪದ್ಯಕ್ಕೆ ಅರ್ಥ ಹೇಳುದು ಕಷ್ಟ ಮಾರಾಯ" ಅಂದ್ರು. ನಾನು ಚೆಂದ ಅಂತ ಎತ್ತಿಟ್ಟದ್ದೆಲ್ಲ ಅಂಥವೇ!

ಮೂರನೆಯದು, ನಡೆ. ಒಂದು ಪ್ರಸಂಗದಲ್ಲಿ ಪದ್ಯ ಬೇಕಾದಷ್ಟಿರ್ತವೆ, ಮೂರು ಗಂಟೆಯ ಕೂಟಕ್ಕೆ ಭಾಗವತರು ಕೆಲವನ್ನಷ್ಟೇ ಆರಿಸ್ತಾರೆ. ನಡುವೆ ಹತ್ತು ಬಿಟ್ಟರೂ ಕಥೆ ಹರಿಯಬಾರದು. ತಾಳ ಬದಲಾಗೋ ಜಾಗ ಭಾವ ಬದಲಾಗೋ ಜಾಗವೇ ಆಗಿರಬೇಕು.

ಇಲ್ಲೊಂದು ವಿಚಿತ್ರ ಇದೆ. ಆ ಕಡೆಯ ಆಟದಲ್ಲಿ ಅಂತ್ಯ ಮೊದಲೇ ಗಟ್ಟಿಯಾಗಿದ್ದರೆ ಅದು ದೊಡ್ಡ ದೋಷ, ಆಟಗಾರರನ್ನು ಕಟ್ಟಿ ಎಳೆದಂತೆ ಅಂತಾರೆ. ನಮ್ಮಲ್ಲಿ ವಾಲಿ ಸಾಯಲೇಬೇಕು, ಸಂಧಾನ ಮುರಿಯಲೇಬೇಕು. ಆದರೂ ಯಾರಿಗೂ ಕಟ್ಟಿದಂತೆ ಅನ್ಸಲ್ಲ. ವಾಲಿ ಸಾಯೋದು ಖಂಡಿತ, ಆದ್ರೆ ವಾದದಲ್ಲಿ ಸೋತು ಸಾಯ್ತಾನೋ ಗೆದ್ದು ಸಾಯ್ತಾನೋ ಅನ್ನೋದು ಆ ರಾತ್ರಿಯೇ ತೀರ್ಮಾನ ಆಗಬೇಕು. ಒಳ್ಳೇ ಪ್ರಸಂಗ ಆ ಜಾಗ ಬಿಟ್ಟಿರುತ್ತೆ.

ಡಂಜನ್ ಅನ್ನೋ ಪತ್ರಿಕೆ 2004ರಲ್ಲಿ ಸಾರ್ವಕಾಲಿಕ ಮೂವತ್ತು ಸಾಹಸಗಳ ಪಟ್ಟಿ ಮಾಡಿತ್ತು. ಅದರಲ್ಲಿರೋ ಟೂಂಬ್ ಆಫ್ ಹಾರರ್ಸ್ 1975ರ ಪಂದ್ಯದಲ್ಲಿ ಆಡಿಸಿದ್ದು, ಅಚ್ಚಾಗಿದ್ದು 1978ರಲ್ಲಿ. ಅಲ್ಲೂ ಆಡಿ ಆಮೇಲೆ ಅಚ್ಚು. ನಮ್ಮ ತಾಳೆಗರಿಯ ನ್ಯಾಯವೇ.

ಇನ್ನು ಆ ಪೆನ್ಸಿಲ್ ಗೀಚು. ಮಾವ ಬೆರಳಿಟ್ಟು ತೋರಿಸಲಾಗಲಿಲ್ಲ, ನಾನೇ ಓದಿ ಹೇಳಿದೆ. ಒಂದು ಪದ್ಯದ ಪಕ್ಕ ಅಡ್ಡ ಗೆರೆ, ಅಂದ್ರೆ ಬಿಡುವುದು. ಒಂದರ ಪಕ್ಕ ಅಚ್ಚಾದ ತಾಳ ಹೊಡೆದು ಬೇರೆ ತಾಳ. ಒಂದು ಕಡೆ "ಇಲ್ಲಿ ನಿಲ್ಲಿಸು". ಯಾರೋ ಭಾಗವತರು, ಆಮೇಲೆ ಮಾವ, ಒಂದೇ ಪುಟದಲ್ಲಿ ಎರಡು ಮೂರು ಕೈಬರಹ. ಆ ಪ್ರಸಂಗ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಅನ್ನೋದನ್ನ ಎಷ್ಟೋ ರಾತ್ರಿ ಆಡಿ ಬರೆದ ವಿಮರ್ಶೆ ಅದು. ಅದನ್ನೇ ನಾನು ಕಸ ಅಂದುಕೊಂಡಿದ್ದು.

ಹೋದ ಹದಿನೇಳು ಪುಸ್ತಕಗಳಲ್ಲಿ ಹನ್ನೊಂದರ ಹೆಸರು ಮಾವ ನೆನಪಿನಿಂದ ಹೇಳಿದ್ರು. ಯಕ್ಷವಾಹಿನಿಯವರು ಹಳೇ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಪುಣ್ಯದ ಕೆಲಸ. ಅಲ್ಲಿ ಹುಡುಕ್ತಾ ಇದೀನಿ. ಪದ್ಯಗಳು ಸಿಗಬಹುದು. ಗೀಚು ಸಿಗಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪುಸ್ತಕ ಇದ್ರೆ, ಕೊಳಕಾಗಿರೋದನ್ನೇ ಮೊದಲು ತೆಗೆದು ಫೋಟೋ ಹೊಡೆದಿಡಿ. ಅಂಚು ಕತ್ತರಿಸಬೇಡಿ. ಮನೆಯಲ್ಲಿ ಅರ್ಥ ಹೇಳಿದವರು ಯಾರಾದ್ರೂ ಇದ್ರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಮಾವ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರೇ ಚೆನ್ನಾಗಿರ್ತಿತ್ತು.