ಕರಡಿಯಿಂದ ರಕ್ಷಣೆಗೆ ಕೈಬಂದೂಕು

ಕರಡಿಯಿಂದ ರಕ್ಷಣೆಗೆ ಕೈಬಂದೂಕು ಎಂದರೆ ಉತ್ತರ ಅಮೆರಿಕದ ಅರಣ್ಯ ಹಾಗೂ ಪರ್ವತ ಪ್ರದೇಶಗಳಲ್ಲಿ ಚಾರಣಿಗರು, ಮೀನು ಹಿಡಿಯುವವರು, ಬೇಟೆಗಾರರು ಮತ್ತು ಕ್ಷೇತ್ರಕಾರ್ಯದ ಸಿಬ್ಬಂದಿ ಕರಡಿ ಮೇಲೆರಗಿದಾಗ ಕೊನೆಯ ಉಪಾಯವಾಗಿ ಬಳಸಲೆಂದು ಮೈಮೇಲೆ ಧರಿಸುವ ಪಿಸ್ತೂಲು ಅಥವಾ ರಿವಾಲ್ವರ್. ಅಮೆರಿಕ ಸಂಯುಕ್ತ ಸಂಸ್ಥಾನದ ಅಲಾಸ್ಕ, ಮೊಂಟಾನಾ, ವಯೋಮಿಂಗ್ ಮತ್ತು ಐಡಹೊ ರಾಜ್ಯಗಳಲ್ಲಿ ಈ ರೂಢಿ ಹೆಚ್ಚಾಗಿ ಕಂಡುಬರುತ್ತದೆ. ರೈಫಲ್‌ಗೆ ಹೋಲಿಸಿದರೆ ಕೈಬಂದೂಕಿನ ಶಕ್ತಿ ಬಹಳ ಕಡಿಮೆ. ಆದರೆ ರೈಫಲ್ ಅನ್ನು ಮರಕ್ಕೆ ಒರಗಿಸಿ ಮೀನು ಹಿಡಿಯಲು ಕುಳಿತವನ ಬಳಿಯೂ ಕೈಬಂದೂಕು ಇರುತ್ತದೆ. ಯಾವುದನ್ನು ಆರಿಸಬೇಕೆಂಬ ಚರ್ಚೆಯೆಲ್ಲ ಈ ಎರಡು ಸಂಗತಿಗಳ ನಡುವೆ ಮಾಡಿಕೊಳ್ಳುವ ರಾಜಿಗೆ ಸಂಬಂಧಿಸಿದ್ದಾಗಿದೆ. ಕರಡಿಯನ್ನು ತಡೆಯುವಲ್ಲಿ ಮೆಣಸಿನ ದ್ರಾವಣದ ‘ಕರಡಿ ಸ್ಪ್ರೇ’ ಬಂದೂಕಿಗೆ ಸಮನಾದುದೇ ಅಥವಾ ಮಿಗಿಲಾದುದೇ ಎಂಬ ಪ್ರಶ್ನೆಯೂ ಈ ಚರ್ಚೆಯ ಭಾಗವಾಗಿದೆ.

ಕರಡಿಗಳು ಮತ್ತು ದಾಳಿಯ ಸ್ವರೂಪ

ಉತ್ತರ ಅಮೆರಿಕದಲ್ಲಿ ಮೂರು ಜಾತಿಯ ಕರಡಿಗಳಿವೆ: ಕಪ್ಪು ಕರಡಿ (ಉರ್ಸಸ್ ಅಮೆರಿಕಾನಸ್), ಕಂದು ಕರಡಿ (ಉರ್ಸಸ್ ಆರ್ಕ್ಟೋಸ್) ಮತ್ತು ಹಿಮಕರಡಿ (ಉರ್ಸಸ್ ಮ್ಯಾರಿಟಿಮಸ್). ಒಳನಾಡಿನ ಕಂದು ಕರಡಿಗೆ ಗ್ರಿಜ್ಲಿ ಎಂಬ ಹೆಸರು ರೂಢಿಯಲ್ಲಿದೆ. ಅಲಾಸ್ಕದ ಕರಾವಳಿಯಲ್ಲಿ ಸಾಲ್ಮನ್ ಮೀನು ತಿಂದು ಬೆಳೆಯುವ ಗಂಡು ಕಂದು ಕರಡಿಗಳು 450 ಕಿಲೋಗ್ರಾಂಗೂ ಹೆಚ್ಚು ತೂಗಬಲ್ಲವು.

ಕಂದು ಕರಡಿಯ ದಾಳಿ ಬಹುಮಟ್ಟಿಗೆ ಆತ್ಮರಕ್ಷಣೆಯ ದಾಳಿಯಾಗಿರುತ್ತದೆ. ಮರಿಗಳ ಜೊತೆಗಿರುವ ತಾಯಿ ಅಥವಾ ಸತ್ತ ಪ್ರಾಣಿಯನ್ನು ಕಾಯುತ್ತಿರುವ ಕರಡಿ, ಪೊದೆಯ ತಿರುವಿನಲ್ಲಿ ಹಠಾತ್ತನೆ ಎದುರಾದ ಮನುಷ್ಯನ ಮೇಲೆ ನುಗ್ಗುತ್ತದೆ. ಕಪ್ಪು ಕರಡಿಯ ಸಂಗತಿ ಬೇರೆ. ಅದು ಸಾಮಾನ್ಯವಾಗಿ ಅಂಜಿ ಓಡುವ ಪ್ರಾಣಿ. ಆದರೆ ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1900ರಿಂದ 2009ರವರೆಗೆ ಕಾಡಿನ ಕಪ್ಪು ಕರಡಿಗಳಿಂದ ಸತ್ತ 63 ಜನರ ಪ್ರಕರಣಗಳಲ್ಲಿ ಬಹುಪಾಲು ದಾಳಿಗಳು ಮನುಷ್ಯನನ್ನೇ ಆಹಾರವೆಂದು ಬಗೆದು ನಡೆದಂಥವು. ದಾಳಿ ಮಾಡಿದವು ಹೆಚ್ಚಾಗಿ ಒಂಟಿ ಗಂಡುಗಳು.

ಗ್ರಿಜ್ಲಿ ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡಬಲ್ಲದು. 30 ಮೀಟರ್ ದೂರವನ್ನು ಅದು ಸುಮಾರು ಎರಡು ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಕೈಬಂದೂಕನ್ನು ಆರಿಸುವವರು ಗಮನದಲ್ಲಿಡಬೇಕಾದ ಎಲ್ಲ ಅಂಕಿಗಳಲ್ಲಿ ಇದೇ ಮುಖ್ಯವಾದುದು. ಈ ಅವಧಿಯಲ್ಲೇ ಆಯುಧವನ್ನು ಒರೆಯಿಂದ ಸೆಳೆದು, ಗುರಿ ಹಿಡಿದು, ಓಡಿಬರುತ್ತಿರುವ ಪ್ರಾಣಿಯ ಮರ್ಮಸ್ಥಾನಕ್ಕೆ ಗುಂಡು ತಾಗಿಸಬೇಕಾಗುತ್ತದೆ.

ತೋಟಾಗಳ ಇತಿಹಾಸ

ದೊಡ್ಡ ಪ್ರಾಣಿಯ ಎದುರು ನಿಲ್ಲಬಲ್ಲ ಕೈಬಂದೂಕುಗಳು 20ನೇ ಶತಮಾನದ ‘ಮ್ಯಾಗ್ನಮ್’ ತೋಟಾಗಳೊಂದಿಗೆ ಬಂದವು. .357 ಮ್ಯಾಗ್ನಮ್ ಅನ್ನು 1935ರಲ್ಲಿ ಸ್ಮಿತ್ ಆಂಡ್ ವೆಸನ್ ಸಂಸ್ಥೆ ಮಾರುಕಟ್ಟೆಗೆ ತಂದಿತು. ಐಡಹೊ ರಾಜ್ಯದ ಜಾನುವಾರು ಸಾಕಣೆಗಾರ ಹಾಗೂ ಬರಹಗಾರ ಎಲ್ಮರ್ ಕೀತ್ .44 ತೋಟಾದಲ್ಲಿ ಹೆಚ್ಚು ಮದ್ದು ತುಂಬಿ ನಡೆಸಿದ ಪ್ರಯೋಗಗಳ ಫಲವಾಗಿ 1955ರಲ್ಲಿ .44 ರೆಮಿಂಗ್ಟನ್ ಮ್ಯಾಗ್ನಮ್ ಬಂದಿತು. ಕರಡಿ ನಾಡಿನಲ್ಲಿ ದಶಕಗಳ ಕಾಲ ಇದೇ ಮಾನದಂಡವಾಗಿತ್ತು. ಅನಂತರ .454 ಕ್ಯಾಸುಲ್ ಮತ್ತು 2003ರಲ್ಲಿ .500 ಸ್ಮಿತ್ ಆಂಡ್ ವೆಸನ್ ಮ್ಯಾಗ್ನಮ್ ಇನ್ನೂ ಹೆಚ್ಚಿನ ಶಕ್ತಿಯನ್ನು ಒದಗಿಸಿದವು. 10 ಮಿ.ಮೀ. ಆಟೊ ತೋಟಾ 1983ರಲ್ಲಿ ಹೊರಬಂದಿತು. ಕರಡಿ ರಕ್ಷಣೆಗೆ ಅದು ಒದಗಿದ್ದು ಗ್ಲಾಕ್ 20ರಂತಹ, ಒಮ್ಮೆಗೆ 15 ತೋಟಾ ಹಿಡಿಸುವ ಪಿಸ್ತೂಲುಗಳು ಬಂದ ಮೇಲೆ. ಈಶಾನ್ಯ ಗ್ರೀನ್‌ಲ್ಯಾಂಡ್‌ನಲ್ಲಿ ನಾಯಿಬಂಡಿಗಳಲ್ಲಿ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಹಿಮಕರಡಿಗಳ ಕಾರಣದಿಂದ ಇದೇ ಪಿಸ್ತೂಲನ್ನು ಒಯ್ಯುತ್ತದೆ.

ಆಯ್ಕೆಯ ಮಾನದಂಡಗಳು

ತೋಟಾಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ನಳಿಗೆಯಿಂದ ಹೊರಬೀಳುವ ಗುಂಡಿನ ಚಲನಶಕ್ತಿಯನ್ನು ನೋಡಲಾಗುತ್ತದೆ. ಸ್ಥೂಲವಾಗಿ 9 ಮಿ.ಮೀ. ಗುಂಡಿಗೆ 500 ಜೂಲ್, 10 ಮಿ.ಮೀ. ಆಟೊ ಗುಂಡಿಗೆ 700ರಿಂದ 900 ಜೂಲ್, .44 ಮ್ಯಾಗ್ನಮ್‌ಗೆ 1,200ರಿಂದ 1,600 ಜೂಲ್ ಶಕ್ತಿಯಿರುತ್ತದೆ. ಬೇಟೆಯ ರೈಫಲ್‌ಗಳಲ್ಲಿ ಸಾಧಾರಣವೆನಿಸಿದ .30-06 ತೋಟಾ 3,500 ಜೂಲ್‌ಗೂ ಹೆಚ್ಚಿನ ಶಕ್ತಿಯನ್ನು ಕೊಡುತ್ತದೆ. ಅಮೆರಿಕದ ಅರಣ್ಯ ಸೇವೆಯು ಅಲಾಸ್ಕದ ತನ್ನ ಸಿಬ್ಬಂದಿಯ ರಕ್ಷಣೆಗಾಗಿ ಸಮೀಪದ ಅಂತರದಲ್ಲಿ ಗುಂಡುಗಳನ್ನು ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ದೊಡ್ಡ ರೈಫಲ್‌ಗಳೇ ಮೇಲುಗೈ ಸಾಧಿಸಿದವು; .44 ಮ್ಯಾಗ್ನಮ್ ಸೇರಿದಂತೆ ಕೈಬಂದೂಕುಗಳು ಬಹಳ ಹಿಂದೆ ಉಳಿದವು.

ಆದರೆ ಕೈಬಂದೂಕಿನ ವಿಷಯದಲ್ಲಿ ಶಕ್ತಿಯ ಅಂಕಿ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ನುಗ್ಗಿ ಬರುವ ಕರಡಿಯನ್ನು ತತ್‌ಕ್ಷಣ ನಿಲ್ಲಿಸಬೇಕಾದರೆ ಗುಂಡು ಮೆದುಳನ್ನೋ ಬೆನ್ನುಹುರಿಯನ್ನೋ ತಲುಪಬೇಕು. ಹೃದಯ ಅಥವಾ ಶ್ವಾಸಕೋಶಕ್ಕೆ ಪೆಟ್ಟುಬಿದ್ದ ಕರಡಿ ಕೊನೆಗೆ ಸಾಯುತ್ತದಾದರೂ ಅದಕ್ಕೆ ಮುನ್ನ ಮನುಷ್ಯನನ್ನು ಕೆಡವಲು ಬೇಕಾದಷ್ಟು ಸಮಯ ಅದಕ್ಕಿರುತ್ತದೆ. ದಟ್ಟ ತುಪ್ಪಳ, ಕೊಬ್ಬು, ದಪ್ಪ ಸ್ನಾಯು ಮತ್ತು ಮೂಳೆಗಳನ್ನು ದಾಟಿ ಗುಂಡು ಒಳಕ್ಕೆ ಇಳಿಯಬೇಕಾದ್ದರಿಂದ, ಆಳಕ್ಕೆ ತೂರುವ ಗುಣವೇ ಇಲ್ಲಿ ಮುಖ್ಯ. ಮನುಷ್ಯರಿಂದ ಆತ್ಮರಕ್ಷಣೆಗೆ ಬಳಸುವ ಟೊಳ್ಳು ಮೂತಿಯ ಗುಂಡುಗಳು ಒಳಹೊಕ್ಕೊಡನೆ ಅರಳಿ ಬೇಗ ನಿಂತುಬಿಡುವುದರಿಂದ ಕರಡಿಗೆ ಸೂಕ್ತವಲ್ಲವೆಂದು ಪರಿಗಣಿಸಲಾಗುತ್ತದೆ. ಇವುಗಳ ಬದಲು ಸೀಸಕ್ಕೆ ತವರ ಮತ್ತು ಆಂಟಿಮನಿ ಬೆರೆಸಿ ಗಟ್ಟಿಯಾಗಿಸಿದ, ಚಪ್ಪಟೆ ಮೂತಿಯ, ಭಾರವಾದ ಗುಂಡುಗಳನ್ನು ಆರಿಸುವುದು ವಾಡಿಕೆ. ಇಂತಹ ಗುಂಡಿದ್ದರೆ ಸಣ್ಣ ತೋಟಾ ಕೂಡ ಕೆಲಸ ಮಾಡೀತೆಂಬುದಕ್ಕೆ 2016ರ ಘಟನೆಯೊಂದನ್ನು ಉದಾಹರಿಸಲಾಗುತ್ತದೆ. ಅಲಾಸ್ಕದ ಅನುಭವಿ ಬೇಟೆ ಮಾರ್ಗದರ್ಶಕರೊಬ್ಬರು ಮೀನು ಹಿಡಿಯಲು ಹೊರಟಿದ್ದಾಗ ತಮ್ಮ ಗುಂಪಿನ ಮೇಲೆರಗಿದ ಕಂದು ಕರಡಿಯನ್ನು 9 ಮಿ.ಮೀ. ಪಿಸ್ತೂಲಿನಿಂದಲೇ ಕೊಂದರು. ಆದರೆ ಅವರು ದಶಕಗಳ ಕಾಲ ಕರಡಿಗಳ ನಡುವೆ ಬದುಕಿದವರು, ಎಲ್ಲಿಗೆ ಗುಂಡು ಹೊಡೆಯಬೇಕೆಂದು ಬಲ್ಲವರು. ಸಾಮಾನ್ಯ ಚಾರಣಿಗನಿಗೆ ಈ ಉದಾಹರಣೆ ಅನ್ವಯಿಸುತ್ತದೆಂದು ಹೇಳಲಾಗದು.

ಹಿಂದೊದೆತವೂ ಅಷ್ಟೇ ನಿರ್ಣಾಯಕ. .454 ಅಥವಾ .500 ರಿವಾಲ್ವರನ್ನು ಹಾರಿಸಿದಾಗ ನಳಿಗೆ ಮೇಲಕ್ಕೆ ಚಿಮ್ಮುತ್ತದೆ. ಅದನ್ನು ಮತ್ತೆ ಗುರಿಗೆ ತರುವಷ್ಟರಲ್ಲಿ ಕರಡಿ ಮೈಮೇಲಿರುತ್ತದೆ. ಹಗುರ ಲೋಹದಿಂದ ತಯಾರಿಸಿದ .44 ರಿವಾಲ್ವರ್‌ಗಳು ಹೊರಲು ಸುಖವಾದರೂ ಹಾರಿಸಿದಾಗ ಕೈಗೆ ನೋವು ಕೊಡುತ್ತವೆ. ನೋವಿನ ಕಾರಣದಿಂದ ಮಾಲೀಕರು ಅಭ್ಯಾಸವನ್ನೇ ಬಿಡುವುದುಂಟು. ಆದ್ದರಿಂದ ಬೇಗನೆ ಎರಡು ಮೂರು ಗುಂಡುಗಳನ್ನು ನಿಖರವಾಗಿ ಹಾರಿಸಲು ಆಗುವಷ್ಟು ಮಾತ್ರ ಶಕ್ತಿಯ ಆಯುಧವನ್ನು ಆರಿಸುವುದು ವಿವೇಕದ ಮಾತೆನಿಸುತ್ತದೆ.

ರಿವಾಲ್ವರ್ ಮತ್ತು ಪಿಸ್ತೂಲು

ರಿವಾಲ್ವರ್ ಸರಳವಾದ ಯಂತ್ರ. ಒಂದು ತೋಟಾ ಹಾರದಿದ್ದರೆ ಟ್ರಿಗರ್ ಅನ್ನು ಮತ್ತೊಮ್ಮೆ ಎಳೆದರೆ ಸಾಕು, ಮುಂದಿನದು ಬರುತ್ತದೆ. ಪ್ರಾಣಿಯ ಮೈಗೆ ನಳಿಗೆಯನ್ನು ಒತ್ತಿ ಹಿಡಿದರೂ ಅದು ಹಾರುತ್ತದೆ. ಪಿಸ್ತೂಲನ್ನು ಹಾಗೆ ಒತ್ತಿದರೆ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಸರಿದು ಗುಂಡು ಹಾರದೇ ಹೋಗಬಹುದು. ಕರಡಿಯ ಅಡಿಯಲ್ಲಿ ಬಿದ್ದವನಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಪಿಸ್ತೂಲಿನ ಹೆಗ್ಗಳಿಕೆಯೆಂದರೆ ತೋಟಾಗಳ ಸಂಖ್ಯೆ, ಕಡಿಮೆ ಹಿಂದೊದೆತ ಮತ್ತು ವೇಗ. ರಿವಾಲ್ವರ್‌ನಲ್ಲಿ ಐದು ಅಥವಾ ಆರು ತೋಟಾಗಳಷ್ಟೇ ಇರುತ್ತವೆ. ಪಿಸ್ತೂಲಿಗೆ ಬೇರೆ ಬಗೆಯ ಗುಂಡು ಆರಿಸುವವರು ಅದು ಮ್ಯಾಗಜೀನ್‌ನಿಂದ ಸಲೀಸಾಗಿ ಬರುತ್ತದೆಯೇ ಎಂದು ಮೊದಲೇ ಹಾರಿಸಿ ನೋಡಬೇಕು. ಗ್ಲಾಕ್ ಸಂಸ್ಥೆಯಂತೂ ಲೋಹದ ಕವಚವಿಲ್ಲದ ಸೀಸದ ಗುಂಡುಗಳನ್ನು ಬಳಸಬಾರದೆಂದು ತಿಳಿಸುತ್ತದೆ.

ಧರಿಸುವ ವಿಧಾನ

ಬೆನ್ನುಚೀಲದೊಳಗಿನ ಬಂದೂಕು ಇದ್ದೂ ಇಲ್ಲದಂತೆ. ಸೊಂಟದ ಒರೆಗೆ ಬೆನ್ನುಚೀಲದ ಸೊಂಟಪಟ್ಟಿ ಅಡ್ಡ ಬರುವುದರಿಂದ ಚಾರಣಿಗರಲ್ಲಿ ಎದೆಯ ಮೇಲೆ ಕಟ್ಟಿಕೊಳ್ಳುವ ಒರೆ ಪ್ರಚಲಿತವಾಗಿದೆ. ನೀರಿನಲ್ಲಿ ನಿಂತು ಮೀನು ಹಿಡಿಯುವಾಗಲೂ ಅದು ಒದ್ದೆಯಾಗದೆ ಕೈಗೆಟಕುತ್ತದೆ.

ಪರಿಣಾಮದ ಅಧ್ಯಯನಗಳು ಮತ್ತು ಕರಡಿ ಸ್ಪ್ರೇ

ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕದ ದಾಖಲೆಗಳನ್ನು ಆಧರಿಸಿ ನಡೆಸಿದ ಎರಡು ಅಧ್ಯಯನಗಳು ಈ ಚರ್ಚೆಯಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತವೆ. 2008ರ ಅಧ್ಯಯನವು 1985ರಿಂದ 2006ರವರೆಗಿನ 83 ಸ್ಪ್ರೇ ಪ್ರಕರಣಗಳನ್ನು ಪರಿಶೀಲಿಸಿತು. ಸ್ಪ್ರೇ ಕಂದು ಕರಡಿಗಳನ್ನು ಶೇ. 92ರಷ್ಟು, ಕಪ್ಪು ಕರಡಿಗಳನ್ನು ಶೇ. 90ರಷ್ಟು ಪ್ರಕರಣಗಳಲ್ಲಿ ತಡೆದಿತ್ತು. ಸ್ಪ್ರೇ ಹೊಂದಿದ್ದವರಲ್ಲಿ ಶೇ. 98ರಷ್ಟು ಜನರಿಗೆ ಗಾಯವಾಗಿರಲಿಲ್ಲ. 2012ರ ಅಧ್ಯಯನವು 1883ರಿಂದ 2009ರವರೆಗೆ ಬಂದೂಕು ಬಳಕೆಯಾದ 269 ಘಟನೆಗಳನ್ನು ನೋಡಿತು. ಕೈಬಂದೂಕು ಶೇ. 84ರಷ್ಟು, ಉದ್ದ ಬಂದೂಕು ಶೇ. 76ರಷ್ಟು ಸಲ ಕರಡಿಯನ್ನು ನಿಲ್ಲಿಸಿದ್ದವು; ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ. ಆಶ್ಚರ್ಯದ ಸಂಗತಿಯೆಂದರೆ, ಬಂದೂಕು ಹೊಂದಿದ್ದವರು ಅದನ್ನು ಹಾರಿಸಿದರೂ ಹಾರಿಸದಿದ್ದರೂ ಗಾಯಗೊಂಡ ಪ್ರಮಾಣ ಒಂದೇ ಆಗಿತ್ತು. ಶೇ. 61ರಷ್ಟು ಘಟನೆಗಳಲ್ಲಿ ಕರಡಿ ಸತ್ತಿತ್ತು.

ಈ ಎರಡು ಅಧ್ಯಯನಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸ್ಪ್ರೇ ಗೆದ್ದಿತೆಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಸ್ಪ್ರೇ ಪ್ರಕರಣಗಳಲ್ಲಿ ಕುತೂಹಲದಿಂದ ಸಮೀಪಿಸಿದ ಕರಡಿಗಳೂ ಸೇರಿವೆ. ಬಂದೂಕಿನ ಹಳೆಯ ದಾಖಲೆಗಳಲ್ಲಿ ಗಾಯ ಅಥವಾ ಸಾವು ಸಂಭವಿಸಿದ ಘಟನೆಗಳೇ ಉಳಿದುಕೊಂಡಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೂ ಸ್ಪ್ರೇಗೆ ಸೂಕ್ಷ್ಮ ಗುರಿ ಬೇಕಿಲ್ಲ ಎಂಬುದು ನಿಜ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ನೋಂದಾಯಿತವಾದ ಡಬ್ಬಿಗಳಲ್ಲಿ ಶೇ. 1ರಿಂದ 2ರಷ್ಟು ಕ್ಯಾಪ್ಸೈಸಿನ್ ಮತ್ತು ಸಂಬಂಧಿತ ಸಂಯುಕ್ತಗಳಿರುತ್ತವೆ. ಮೆಣಸಿನಕಾಯಿಗೆ ಖಾರ ಕೊಡುವುದೂ ಇದೇ ವಸ್ತು. ಕೆಲವು ಮೀಟರುಗಳ ದೂರಕ್ಕೆ ಹರಡುವ ಮೋಡದಂತಹ ಸಿಂಚನ ಕರಡಿಯ ಕಣ್ಣು, ಮೂಗು ಮತ್ತು ಶ್ವಾಸನಾಳವನ್ನು ಉರಿಸುತ್ತದೆ. ಕರಡಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಎದುರುಗಾಳಿಯಲ್ಲಿ ಅದು ಸಿಂಪಡಿಸಿದವನ ಮುಖಕ್ಕೂ ತಾಗಬಹುದು. ವಿಮಾನದಲ್ಲಿ ಅದನ್ನು ಒಯ್ಯಲು ಅವಕಾಶವಿಲ್ಲದ ಕಾರಣ ಪ್ರವಾಸಿಗರು ಸ್ಥಳದಲ್ಲೇ ಕೊಳ್ಳುತ್ತಾರೆ ಅಥವಾ ಬಾಡಿಗೆಗೆ ಪಡೆಯುತ್ತಾರೆ. ಎರಡನ್ನೂ ಒಯ್ಯುವವರು ಸ್ಪ್ರೇ ಯಾವ ಕೈಗೆ, ಬಂದೂಕು ಯಾವ ಕೈಗೆ ಎಂಬುದನ್ನು ಮೊದಲೇ ನಿರ್ಧರಿಸಿ ಅಭ್ಯಾಸ ಮಾಡುತ್ತಾರೆ.

ಇವೆರಡಕ್ಕಿಂತಲೂ ಮೊದಲು ಬರುವುದು ಮುನ್ನೆಚ್ಚರಿಕೆ: ಗುಂಪಿನಲ್ಲಿ ನಡೆಯುವುದು, ದಟ್ಟ ಪೊದೆಗಳಲ್ಲಿ ಮಾತನಾಡುತ್ತಾ ಸಾಗುವುದು, ಆಹಾರವನ್ನು ಕರಡಿಗೆ ಸಿಗದಂತೆ ಇಡುವುದು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿಯಿಂದ ಕನಿಷ್ಠ 100 ಗಜ (91 ಮೀಟರ್) ದೂರವಿರಬೇಕೆಂಬ ನಿಯಮವಿದೆ.

ಕಾನೂನು

2010ರ ಫೆಬ್ರುವರಿ 22ರಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿಗೆ ಒಳಪಟ್ಟು ಬಂದೂಕು ಹೊಂದಬಹುದಾಗಿದೆ. ಆದರೆ ಅದನ್ನು ಹಾರಿಸುವುದನ್ನು ಹೆಚ್ಚಿನ ಉದ್ಯಾನಗಳು ನಿಷೇಧಿಸಿವೆ. ಅಲಾಸ್ಕದ ಹೊರಗಿನ 48 ರಾಜ್ಯಗಳಲ್ಲಿ ಗ್ರಿಜ್ಲಿಯು 1975ರಲ್ಲಿ ಸಂರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿದ್ದು, ಪ್ರಾಣರಕ್ಷಣೆಗಾಗಿ ಕೊಂದರೂ ಅಧಿಕಾರಿಗಳಿಗೆ ತಿಳಿಸಿ ತನಿಖೆ ಎದುರಿಸಬೇಕಾಗುತ್ತದೆ. ಅಲಾಸ್ಕದಲ್ಲಿ ಹೀಗೆ ಕೊಂದವರು ಕರಡಿಯ ಚರ್ಮ ಸುಲಿದು, ಅದನ್ನೂ ತಲೆಬುರುಡೆಯನ್ನೂ ರಾಜ್ಯಕ್ಕೆ ಒಪ್ಪಿಸಬೇಕು.

ಕೆನಡಾದಲ್ಲಿ ಚಾರಣಿಗರು ರಕ್ಷಣೆಗಾಗಿ ಕೈಬಂದೂಕು ಒಯ್ಯುವಂತಿಲ್ಲ; ಕಾಡಿನಲ್ಲಿ ಬಲೆ ಹಾಕುವಂತಹ ಕೆಲವು ವೃತ್ತಿಯವರಿಗಷ್ಟೇ ವಿಶೇಷ ಅನುಮತಿ ದೊರೆಯುತ್ತದೆ. 2022ರ ಅಕ್ಟೋಬರ್ 21ರಿಂದ ಅಲ್ಲಿ ಕೈಬಂದೂಕುಗಳ ಮಾರಾಟ ಮತ್ತು ವರ್ಗಾವಣೆಯನ್ನೂ ತಡೆಹಿಡಿಯಲಾಗಿದೆ. ಹೀಗಾಗಿ ರಸ್ತೆ ಮಾರ್ಗವಾಗಿ ಅಲಾಸ್ಕಕ್ಕೆ ಹೋಗುವ ಅಮೆರಿಕನ್ನರು ತಮ್ಮ ಪಿಸ್ತೂಲನ್ನು ಸುಮ್ಮನೆ ಜೊತೆಗೊಯ್ಯುವಂತಿಲ್ಲ. ಕರಡಿ ಸ್ಪ್ರೇಗೆ ಅಲ್ಲಿ ಅವಕಾಶವಿದೆ.

ಭಾರತದಲ್ಲಿ ಈ ರೂಢಿಯೇ ಇಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ 11ನೇ ಪ್ರಕರಣದಡಿ, ಸದುದ್ದೇಶದಿಂದ ತನ್ನ ಅಥವಾ ಬೇರೊಬ್ಬರ ರಕ್ಷಣೆಗಾಗಿ ಕಾಡುಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲ. ಆದರೆ ಹಾಗೆ ಮಾಡಿದಾತ ಅದೇ ಕಾಯ್ದೆಯನ್ನು ಉಲ್ಲಂಘಿಸುತ್ತಿದ್ದರೆ ಈ ರಕ್ಷಣೆ ದೊರೆಯದು. 31ನೇ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯವನ್ನು ಪ್ರವೇಶಿಸುವುದು ನಿಷಿದ್ಧ. ಕರಡಿಗಳಿಗೆಂದೇ ಮೀಸಲಾದ ಕರ್ನಾಟಕದ ದರೋಜಿ ಕರಡಿಧಾಮಕ್ಕೂ ಈ ನಿಯಮ ಅನ್ವಯಿಸುತ್ತದೆ.