ಕೆರೆ ನೀರಿಗೆ ಒಂಬತ್ತು ವರ್ಷದ ಕೇಸು

ಗೆಳೆಯರೇ, ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದ ದಿನ, 1927ರ ಮಾರ್ಚ್ 20, ನಮಗೆಲ್ಲ ಬಾಯಿಪಾಠ. ಆದರೆ ಅದೇ ನೀರಿಗಾಗಿ ಅವರು ಒಂಬತ್ತು ವರ್ಷ ಕೋರ್ಟಿನಲ್ಲಿ ಹೋರಾಡಿದ್ದು ನಮ್ಮ ಭಾಷಣಗಳಲ್ಲಿ ಬರೋದು ಕಮ್ಮಿ. ವಕೀಲ ಅಂಬೇಡ್ಕರ್ ಬಗ್ಗೆ ಮಾತಾಡಬೇಕು ಅಂದ್ರೆ ಅಲ್ಲಿಂದಲೇ ಶುರು ಮಾಡಬೇಕು.

1923ರಲ್ಲಿ ಅವರು ಬಾಂಬೆಯಲ್ಲಿ ವಕೀಲಿಕೆ ಆರಂಭಿಸಿದರು. ಅದೇ ವರ್ಷ ಸಾರ್ವಜನಿಕ ಕೆರೆ, ಬಾವಿಗಳನ್ನ ಅಸ್ಪೃಶ್ಯರಿಗೂ ಮುಕ್ತ ಮಾಡಬೇಕು ಅಂತ ಬಾಂಬೆ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆಯವರ ನಿರ್ಣಯ ಪಾಸಾಯ್ತು. 1924ರಲ್ಲಿ ಮಹಾಡ ಪುರಸಭೆಯೂ ಒಪ್ಪಿತು. ಹಕ್ಕು ಕಾಗದದಲ್ಲಿತ್ತು, ಬಿಂದಿಗೆಯಲ್ಲಿ ನೀರಿರಲಿಲ್ಲ.

ನಮ್ಮವರು ನೀರು ಮುಟ್ಟಿದ ಮೇಲೆ ಸವರ್ಣೀಯರು ಹೊಡೆದರು, ಪಂಚಗವ್ಯ ಸುರಿದು ಕೆರೆ 'ಶುದ್ಧಿ' ಮಾಡಿದರು. ಆಮೇಲೆ ಡಿಸೆಂಬರಿನಲ್ಲಿ ದಾವೆ ಹೂಡಿದರು. ಒಂದನೇ ಪ್ರತಿವಾದಿ ಅಂಬೇಡ್ಕರ್! ಕೋರ್ಟು ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೊಟ್ಟುಬಿಟ್ಟಿತು. ಡಿಸೆಂಬರ್ 25ಕ್ಕೆ ಸಾವಿರಾರು ಜನ ಜೈಲಿಗೂ ತಯಾರಾಗಿ ಮಹಾಡಕ್ಕೆ ಬಂದಿದ್ದರು. ಬಾಬಾಸಾಹೇಬರು ಅವರನ್ನ ಕೆರೆಗೆ ಇಳಿಸಲಿಲ್ಲ. ಅವತ್ತು ಮನುಸ್ಮೃತಿ ಸುಟ್ಟರು, ಕೇಸನ್ನ ಕೋರ್ಟಿನಲ್ಲೇ ಎದುರಿಸಿದರು.

1931ರಲ್ಲಿ ಕೆಳಕೋರ್ಟಿನಲ್ಲಿ ಗೆಲುವು. 1933ರಲ್ಲಿ ಠಾಣೆಯ ಕೋರ್ಟಿನಲ್ಲಿ ಗೆಲುವು. 1937ರ ಮಾರ್ಚ್ 17ರಂದು ಹೈಕೋರ್ಟಿನಲ್ಲೂ ಗೆಲುವು.

ಆದ್ರೆ ಆ ತೀರ್ಪನ್ನ ಸರಿಯಾಗಿ ಓದಿ. ಅಸ್ಪೃಶ್ಯತೆ ತಪ್ಪು ಅಂತ ಹೈಕೋರ್ಟು ಹೇಳಲಿಲ್ಲ. ನಮ್ಮನ್ನ ದೂರ ಇಡುವ ಪದ್ಧತಿ ಅನಾದಿ ಕಾಲದ್ದು ಅಂತ ವಾದಿಗಳು ಸಾಬೀತು ಮಾಡಲಿಲ್ಲ ಅಂದಿತು, ಅಷ್ಟೇ. ಅಂದ್ರೆ ಸಾಬೀತು ಮಾಡಿದ್ದರೆ? ಆ ಬಾಗಿಲು ತೆರೆದೇ ಉಳಿಯಿತು.

ಅದನ್ನ ಮುಚ್ಚೋಕೆ ಕೇಸು ಗೆದ್ದರೆ ಸಾಲದು, ಕಾನೂನನ್ನೇ ಬರೆಯಬೇಕಿತ್ತು. ಕಾನೂನು ಕಾಲೇಜಿನ ಪ್ರಾಂಶುಪಾಲ, ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯ, ದೇಶದ ಮೊದಲ ಕಾನೂನು ಮಂತ್ರಿ, ಕರಡು ಸಮಿತಿಯ ಅಧ್ಯಕ್ಷ. ಈ ದಾರಿಯನ್ನ ಬರೀ ಹುದ್ದೆಗಳ ಪಟ್ಟಿ ಅಂತ ನೋಡಬೇಡಿ. 1948ರ ನವೆಂಬರ್ 29ರಂದು ಸಂವಿಧಾನ ಸಭೆ ಅಸ್ಪೃಶ್ಯತೆ ನಿಷೇಧದ ವಿಧಿಯನ್ನ ಒಪ್ಪಿತು. ಇವತ್ತು ಅದು 17ನೇ ವಿಧಿ. ಪದ್ಧತಿ ಎಷ್ಟೇ ಹಳೆಯದಾಗಿರಲಿ, ಅದು ಅಪರಾಧ. ಇನ್ನು ಕುರ್ಚಿ ಮುಖ್ಯವಾಗಿದ್ದರೆ, ಹಿಂದೂ ಕೋಡ್ ಬಿಲ್ ಕೈಬಿಟ್ಟಾಗ 1951ರಲ್ಲಿ ಅವರು ರಾಜೀನಾಮೆ ಕೊಡ್ತಿರಲಿಲ್ಲ.

ಕರಿಕೋಟು ಹಾಕ್ತಿರೋ ನಮ್ಮ ಕೇರಿಯ ತಮ್ಮ ತಂಗಿಯರೇ, ಬೀದಿ ಹೋರಾಟ ಬೇಕೇ ಬೇಕು. ಆದರೆ ಪ್ರತಿ ವಾಯಿದೆಗೂ ಹಾಜರಾಗಿ, ದಾಖಲೆ ಹುಡುಕಿ, ಒಂಬತ್ತು ವರ್ಷ ಪಟ್ಟು ಬಿಡದೆ ನಿಲ್ಲುವವರೂ ಬೇಕು. ಅದೂ ಚಳವಳಿಯೇ.

ಜೈ ಭೀಮ್.