ತೇದ ಗಂಧ, ಸುಟ್ಟ ಧೂಪ: ಹೊಯ್ಸಳ ನಾಡಿನ ಪರಿಮಳ ದ್ರವ್ಯಗಳೂ ಉರಿಯೂತದ ಶಮನವೂ

ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಗೊಂಡದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಕೆಲಸ 1121ರ ಸುಮಾರಿಗೆ ಶುರುವಾಯಿತು. ಅರಸೀಕೆರೆಯ ಸಹಸ್ರಕೂಟ ಜಿನಾಲಯ ಇವಕ್ಕಿಂತ ನೂರು ವರ್ಷ ಚಿಕ್ಕದು, 1220ರದ್ದು. ಈ ಭಾಗದ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಹೊರತಂದರು. ಅದರ ದತ್ತಿಗಳನ್ನು ಓದುತ್ತ ಹೋದರೆ 'ಅಂಗಭೋಗ ರಂಗಭೋಗ' ಎಂಬ ಜೋಡಿಮಾತು ಪದೇ ಪದೇ ಎದುರಾಗುತ್ತದೆ. ಅಂಗಭೋಗವೆಂದರೆ ದೇವರ ಮೈಗೆ ಸಲ್ಲುವ ಉಪಚಾರ: ಸ್ನಾನ, ಗಂಧ, ಹೂವು, ಧೂಪ. ಇದನ್ನು ಹಿಡಿದುಕೊಂಡು, ಪರಿಮಳದಿಂದ ರೋಗ ಹೋಗುತ್ತದೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು, ಈಗಿನ ವಿಜ್ಞಾನ ಅದನ್ನೇ ಹೇಳುತ್ತಿದೆ ಎನ್ನುವ ಮಾತು ಇತ್ತೀಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಆ ಮಾತು ಅರ್ಧ ನಿಜ, ಅರ್ಧ ಗೊಂದಲ. ಅತಿರೇಕಕ್ಕೆ ಹೋದ ರೋಗನಿರೋಧಕ ಪ್ರತಿಕ್ರಿಯೆಯನ್ನು ಕೆಲವು ಸಸ್ಯಗಂಧದ ಅಣುಗಳು ತಗ್ಗಿಸಬಲ್ಲವು ಎಂಬುದಕ್ಕೆ ಆಧಾರಗಳಿವೆ. ಆದರೆ ಆ ಕೆಲಸ ಮಾಡುವುದು ಮೂಗಿಗೆ ಬರುವ ವಾಸನೆಯಲ್ಲ. ಚರ್ಮದ ಮೂಲಕವೋ ಹೊಟ್ಟೆಯ ಮೂಲಕವೋ ತಕ್ಕ ಪ್ರಮಾಣದಲ್ಲಿ ಒಳಸೇರಿದ ಅಣು. ಹಳೆಯ ಗ್ರಂಥಗಳು ಈ ದಾರಿಗಳನ್ನು ಬೇರೆಬೇರೆಯಾಗಿಯೇ ಇಟ್ಟಿದ್ದವು. ಬೆರೆಸಿದವರು ನಾವು.

ಚಾಲುಕ್ಯ ಮೂರನೆಯ ಸೋಮೇಶ್ವರ ಹೊಯ್ಸಳ ಅರಸ ವಿಷ್ಣುವರ್ಧನನ ಕಾಲದವನು. ಅವನ 'ಮಾನಸೋಲ್ಲಾಸ' ಸುಮಾರು 1129ರ ಕೃತಿ. ಅರಸನ ಉಪಭೋಗಗಳನ್ನು ಎಣಿಸುವಾಗ ಅದು ವಿಲೇಪನವನ್ನು ಒಂದು ಉಪಭೋಗವಾಗಿಯೂ ಧೂಪವನ್ನು ಮತ್ತೊಂದಾಗಿಯೂ ಹೇಳುತ್ತದೆ. ಅದಕ್ಕೂ ನೂರು ವರ್ಷ ಮೊದಲು ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಸುಗಂಧ ತಯಾರಿಕೆಗೆ ಒಂದು ಭಾಗ, ವೈದ್ಯಕ್ಕೆ ಇನ್ನೊಂದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ 'ಕರ್ಣಾಟಕ ಕಲ್ಯಾಣಕಾರಕ'ದ ಮೂಲಕ ವೈದ್ಯವನ್ನು ಕನ್ನಡಕ್ಕೆ ತಂದ. ಇವರ ಹಿಂದಿರುವ ಚರಕಸಂಹಿತೆಯ ಪಟ್ಟಿಗಳು ಇನ್ನೂ ಖಚಿತ. ತುರಿಕೆ ಕಳೆಯುವ ಕಂಡೂಘ್ನ ವರ್ಗದ ಮೊದಲ ಹೆಸರೇ ಚಂದನ. ಉರಿ ತಣಿಸುವ ದಾಹಪ್ರಶಮನದಲ್ಲೂ ಅದಿದೆ. ಉಬ್ಬಸ ಕಳೆಯುವ ಶ್ವಾಸಹರ ವರ್ಗದಲ್ಲಿ ಏಲಕ್ಕಿ ಇದೆ, ನೋವು ಕಳೆಯುವ ಶೂಲಪ್ರಶಮನದಲ್ಲಿ ಕಾಳುಮೆಣಸು.

ಇಲ್ಲೇ ಹಿಗ್ಗಿಬಿಡುವುದು ಅವಸರವಾದೀತು. ಚರಕನಲ್ಲಿ ಇಂಥ ವರ್ಗಗಳು 50, ಒಂದೊಂದರಲ್ಲೂ ಹತ್ತು ದ್ರವ್ಯ. ಅಷ್ಟು ದೊಡ್ಡ ಬಲೆಯಲ್ಲಿ ಇಂದಿನ ಯಾವ ಗಿಡದ ಯಾವ ಗುಣಕ್ಕೂ ಒಂದು ಹೊಂದಿಕೆ ಸಿಕ್ಕೇ ಸಿಗುತ್ತದೆ, ಹೊಂದದವುಗಳನ್ನು ಯಾರೂ ಎಣಿಸುವುದಿಲ್ಲ. ಆದ್ದರಿಂದ ಈ ಪಟ್ಟಿಗಳನ್ನು ಸುಳಿವು ಎನ್ನಬಹುದು, ಸಾಕ್ಷಿ ಎನ್ನಲಾಗದು. ದೇಗುಲದ ದತ್ತಿಗಂತೂ ಆ ಮಾನವೂ ಸಲ್ಲದು. ದೇವರಿಗೆ ಗಂಧ ಹಚ್ಚುತ್ತಿದ್ದುದು ತುರಿಕೆಗಲ್ಲ. ಶಾಸನಗಳಿಂದ ತಿಳಿಯುವುದು ಇಷ್ಟೇ: ಈ ದ್ರವ್ಯಗಳಿಗೆ ಇಲ್ಲಿ ತಪ್ಪದ ಬೇಡಿಕೆಯಿತ್ತು, ಅವನ್ನು ಒದಗಿಸುವ ವ್ಯವಸ್ಥೆಯೂ ಇತ್ತು. ಮಲೆನಾಡಿನ ಸೆರಗಾದ ಬೇಲೂರಿನ ಕಡೆ ಇಂದಿಗೂ ಮೆಣಸು, ಏಲಕ್ಕಿ. ಬಯಲಿನ ಅರಸೀಕೆರೆಯಲ್ಲಿ ತೆಂಗು, ಕೊಬ್ಬರಿ. ಪರಿಮಳದ ಅಣುಗಳು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತವೆ ಎಂಬುದನ್ನು ನೆನೆದರೆ, ಈ ನೆರೆಹೊರೆ ಅರ್ಥವಿಲ್ಲದ್ದಲ್ಲ.

ಗಂಧದ ಕಥೆಯಲ್ಲಿ ಎಚ್ಚರಿಕೆಯ ಪಾಠವೂ ಒಂದಿದೆ. ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಮರ ಸರ್ಕಾರದ್ದಾಯಿತು, ಕೊರಡು ಗಂಧದ ಕೋಠಿಗಳನ್ನು ಸೇರಿ ಹರಾಜಾಗತೊಡಗಿತು. ಅದನ್ನು ಕೊಂಡು ಎಣ್ಣೆ ತೆಗೆಯುತ್ತಿದ್ದವರಲ್ಲಿ ಜರ್ಮನರು ಮುಖ್ಯರು. 1914ರ ಯುದ್ಧ ಆ ದಾರಿ ಮುಚ್ಚಿದಾಗ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಬಟ್ಟಿ ಇಳಿಸುವ ವಿಧಾನ ಕಂಡುಕೊಂಡರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ನಡೆಯತೊಡಗಿತು. ಆಗ ಗಂಧದೆಣ್ಣೆ ಕೇವಲ ಸುಗಂಧವಲ್ಲ, ಯುರೋಪಿನ ಅಧಿಕೃತ ಔಷಧಿಕೋಶಗಳಲ್ಲಿದ್ದ ಮದ್ದು. ಮೇಹರೋಗಕ್ಕೆ ವೈದ್ಯರು ಅದನ್ನು ಗುಳಿಗೆಯಾಗಿ ಕೊಡುತ್ತಿದ್ದರು. ಸಲ್ಫಾ ಮದ್ದು, ಪೆನಿಸಿಲಿನ್ ಬಂದದ್ದೇ ತಡ, ಆ ಬಳಕೆ ಅಳಿಯಿತು. ಔಷಧಿಕೋಶದಲ್ಲಿ ಹೆಸರಿದ್ದ ಮಾತ್ರಕ್ಕೆ ಗುಣ ಸಾಬೀತಾಗುವುದಿಲ್ಲ ಎಂಬುದನ್ನು ಗಂಧ ಒಮ್ಮೆ ತೋರಿಸಿಕೊಟ್ಟಿದೆ.

ಈಗಿನ ಆಧಾರಗಳೇ ಬೇರೆ ಜಾತಿಯವು. ಗಂಧದೆಣ್ಣೆಯ ಬಹುಪಾಲು ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್. ಮನುಷ್ಯ ಚರ್ಮದ ಜೀವಕೋಶಗಳನ್ನು ಬ್ಯಾಕ್ಟೀರಿಯಾದ ವಿಷಾಂಶದಿಂದ ಕೆರಳಿಸಿ, ಮೇಲೆ ಈ ಅಣುಗಳನ್ನು ಹಾಕಿದಾಗ, ಉರಿಯೂತಕ್ಕೆ ಕರೆಕೊಡುವ ಸೈಟೊಕೈನ್‌ಗಳು ಇಳಿದವೆಂದು 2014ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇಸುಬು, ಸೋರಿಯಾಸಿಸ್‌ಗಳಲ್ಲಿ ಲೇಪನವಾಗಿ ನಡೆದ ಪ್ರಯೋಗಗಳು ಇನ್ನೂ ಚಿಕ್ಕವು. ಮೆಣಸಿನ ಬೀಟಾ ಕ್ಯಾರಿಯೊಫಿಲೀನ್‌ನ ಕಥೆ ಹೆಚ್ಚು ಗಟ್ಟಿ. ರೋಗನಿರೋಧಕ ಕೋಶಗಳ ಮೇಲಿರುವ ಸಿಬಿ2 ಎಂಬ ಗ್ರಾಹಕಕ್ಕೆ ಅದು ಕೂಡಿಕೊಳ್ಳುತ್ತದೆಂದು ಗರ್ಟ್ಶ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಬಾಯಿಯಿಂದ ಕೊಟ್ಟಾಗ ಇಲಿಗಳ ಪಾದದ ಊತ ತಗ್ಗಿತು. ಆ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ತಗ್ಗಲಿಲ್ಲ. ಪರಿಮಳ ಮನಸ್ಸಿಗೆ ಹಿತ, ಆ ಹಿತದಿಂದಲೇ ಗುಣವೆನಿಸುತ್ತದೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಎರಡು ಗುಂಪಿನ ಇಲಿಗಳಿಗೂ ಕೊಟ್ಟದ್ದು ಒಂದೇ ಮದ್ದು, ಬೇರೆಯಿದ್ದದ್ದು ಗ್ರಾಹಕವೊಂದೇ.

ಏಲಕ್ಕಿಯ ಸಿನಿಯೋಲ್ ಮನುಷ್ಯರ ಮೇಲೂ ಪರೀಕ್ಷೆಗೊಂಡಿದೆ. ಸ್ಟಿರಾಯ್ಡ್ ಇಲ್ಲದೆ ನಡೆಯದ 32 ಅಸ್ತಮಾ ರೋಗಿಗಳಲ್ಲಿ ಅರ್ಧ ಜನಕ್ಕೆ ದಿನಕ್ಕೆ ಮೂರು ಬಾರಿ 200 ಮಿಲಿಗ್ರಾಂ ಸಿನಿಯೋಲ್, ಉಳಿದವರಿಗೆ ಹುಸಿಮಾತ್ರೆ, ಹೀಗೆ 12 ವಾರ ಕೊಟ್ಟು ಜರ್ಮನಿಯ ಯುರ್ಗೆನ್ಸ್ ಮತ್ತು ಸಂಗಡಿಗರು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿನಿಯೋಲ್ ಪಡೆದವರ ಸ್ಟಿರಾಯ್ಡ್ ಪ್ರಮಾಣ 36% ಇಳಿಯಿತು, ಹುಸಿಮಾತ್ರೆಯವರದು 7%. ಅಲ್ಲಿಗೆ ಬೇಲೂರಿನ ಏಲಕ್ಕಿ ಚಹಾ ಉಬ್ಬಸಕ್ಕೆ ಮದ್ದಾಯಿತೇ? ಲೆಕ್ಕ ಹಾಕಿ ನೋಡಬೇಕು. ಏಲಕ್ಕಿ ಬೀಜದಲ್ಲಿ ಎಣ್ಣೆ ಸುಮಾರು 6%, ಆ ಎಣ್ಣೆಯಲ್ಲಿ ಸಿನಿಯೋಲ್ ಸುಮಾರು 30% ಎಂದಿಟ್ಟುಕೊಂಡರೆ, ದಿನದ 600 ಮಿಲಿಗ್ರಾಂಗೆ ಬೇಕಾಗುವ ಬೀಜ 33 ಗ್ರಾಂ, ಅಂದರೆ ಇನ್ನೂರಕ್ಕೂ ಹೆಚ್ಚು ಕಾಯಿ. ಪಾಯಸಕ್ಕೆ ನಾಲ್ಕು ಕಾಯಿ ಕುಟ್ಟಿ ಹಾಕುವ ಮನೆಗೆ ಪರಿಮಳ ಸಿಗುತ್ತದೆ, ಮದ್ದು ಸಿಗುವುದಿಲ್ಲ. ಏಲಕ್ಕಿ ಬೆಳೆಯುವ ಊರಿನಲ್ಲೂ ಅಸ್ತಮಾ ಏಕೆ ಎಂಬ ಕುಹಕಕ್ಕೂ ಉತ್ತರ ಈ ಲೆಕ್ಕದಲ್ಲಿದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಬೇರೊಂದು: ಕೆರಳಿದ್ದನ್ನು ತಣಿಸುತ್ತದೆನ್ನುವ ಈ ದ್ರವ್ಯಗಳೇ ಕೆರಳಿಸುವುದೂ ಉಂಟಲ್ಲ? ಉಂಟು. ಅನೇಕ ಹೂಗಳಲ್ಲಿರುವ ಲಿನಲೂಲ್ ಗಾಳಿಗೆ ತೆರೆದಿಟ್ಟರೆ ಹೈಡ್ರೊಪೆರಾಕ್ಸೈಡ್ ಆಗಿ ಮಾರ್ಪಡುತ್ತದೆ. ಚರ್ಮದ ಅಲರ್ಜಿಗೆ ಅದು ಚೆನ್ನಾಗಿ ಗುರುತಾದ ಕಾರಣ. ಗಂಧದೆಣ್ಣೆಯೂ ಕೆಲವರ ಮೈಗೆ ಆಗದು. ಊದುಬತ್ತಿಯ ಹೊಗೆಯ ಮಾತಂತೂ ಹೇಳುವುದೇ ಬೇಡ: ಸುಟ್ಟಾಗ ಅಣುವಿನ ಬಹುಭಾಗ ಕೆಟ್ಟು, ಉಳಿಯುವ ಸೂಕ್ಷ್ಮ ಕಣಗಳು ಶ್ವಾಸನಾಳವನ್ನು ಕೆರಳಿಸುತ್ತವೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಬಲಪಡಿಸುತ್ತದೆ. ಹೊಸ ಎಣ್ಣೆ, ಹಳಸಿದ ಎಣ್ಣೆ, ತೇದ ಗಂಧ, ಸುಟ್ಟ ಧೂಪ, ನುಂಗಿದ ಗುಳಿಗೆ, ಇವೆಲ್ಲ ಮೂಗಿಗೆ ಹತ್ತಿರ ಹತ್ತಿರ, ಮೈಗೆ ಬೇರೆ ಬೇರೆ. ವಿಲೇಪನವನ್ನೂ ಧೂಪವನ್ನೂ ಬೇರೆಬೇರೆ ಎಣಿಸಿದ ಹಳಬರಿಗೆ ಇದರ ಕಾರಣ ಗೊತ್ತಿತ್ತೆಂದು ನಾನು ಹೇಳಲಾರೆ. ಆದರೆ ಎಲ್ಲವನ್ನೂ 'ಅರೋಮಾ ಥೆರಪಿ' ಎಂಬ ಒಂದೇ ಚೀಟಿಯಡಿ ಮಾರುವ ಇಂದಿನ ಅಂಗಡಿಗಿಂತ ಅವರ ವಿಂಗಡಣೆ ಮೇಲು.

ಮುಂದಿನ ಕೆಲಸಕ್ಕೆ ಬೇಕಾದದ್ದೆಲ್ಲ ಹಾಸನ ಜಿಲ್ಲೆಯಲ್ಲೇ ಇದೆ. ಸಕಲೇಶಪುರದಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವಿದೆ, ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಆಯುರ್ವೇದ ಕಾಲೇಜೂ ಇವೆ. ಸಿನಿಯೋಲ್ ಅಂಶವನ್ನು ಅಳೆದು ಗುರುತಿಸಿದ ಎಣ್ಣೆ, ಹುಸಿಮಾತ್ರೆಯ ಗುಂಪು, ಕನಿಷ್ಠ 12 ವಾರದ ನಿಗಾ, ಇಷ್ಟಿಟ್ಟುಕೊಂಡು ಈ ಸಂಸ್ಥೆಗಳು ಒಟ್ಟಾಗಿ ಒಂದು ಪ್ರಯೋಗ ನಡೆಸಲಿ. ಅದರ ಫಲ ಬರುವವರೆಗೆ ಅಸ್ತಮಾ ಇರುವವರು ವೈದ್ಯರು ಕೊಟ್ಟ ಇನ್‌ಹೇಲರನ್ನು ಕೈಬಿಡಬಾರದು, ಮಲಗುವ ಕೋಣೆಯಲ್ಲಿ ಊದುಬತ್ತಿ ಹಚ್ಚಬಾರದು.